ಹಾಜರಿ ಕೂಗುವಾಗ ಮಾತು ಸಿಕ್ಕಿಹಾಕಿಕೊಳ್ಳುತ್ತದೆ. ಉಗ್ಗು ಕಡಿಮೆ ಮಾಡಿಕೊಂಡವರು ಇದ್ದೀರಾ?

ಕಣದ ಕಾವಲು · ನವೆಂಬರ್ 9

ನಮಸ್ಕಾರ. ಇಲ್ಲಿ ಕರಿಮೆಣಸಿನ ರೇಟು, ಆನೆ ಕಾಟ ಬಿಟ್ಟು ಬೇರೆ ವಿಷಯ ಬರುವುದು ಕಡಿಮೆ. ಆದರೂ ಕೇಳ್ತೇನೆ.

ವಯಸ್ಸು 27. ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿ ಸೇರಿ ನಾಲ್ಕು ತಿಂಗಳಾಯಿತು. ಚಿಕ್ಕಂದಿನಿಂದ ಉಗ್ಗು ಇದೆ. ಕಾಲೇಜಿನಲ್ಲಿ ಹಿಂದಿನ ಬೆಂಚು, ಆಮೇಲೆ ಕುಶಾಲನಗರದಲ್ಲಿ ಲೆಕ್ಕ ಬರೆಯುವ ಕೆಲಸ. ಹೇಗೋ ತಪ್ಪಿಸಿಕೊಂಡು ಬಂದೆ. ಇಲ್ಲಿ ತಪ್ಪಿಸಿಕೊಳ್ಳಲು ಜಾಗ ಇಲ್ಲ. ಬೆಳಗ್ಗೆ ಏಳೂವರೆಗೆ ಕಣದ ಹತ್ತಿರ ನಿಂತು ನಲವತ್ತು ಜನರ ಹಾಜರಿ ಕೂಗಬೇಕು. ಕುಯ್ಲು ಶುರುವಾದ ಮೇಲೆ ಸಂಜೆ ತೂಕದ ಹತ್ತಿರ ಹೆಸರು, ಕೆಜಿ ಎರಡನ್ನೂ ಕೂಗಬೇಕು.

ನನಗೆ 'ಪ' ಬಂದರೆ ಮುಗಿಯಿತು. ತುಟಿ ಮುಚ್ಚಿಕೊಂಡರೆ ತೆರೆಯುವುದೇ ಇಲ್ಲ. ಪಾರ್ವತಿ ಅಂತ ಒಬ್ಬರಿದ್ದಾರೆ. ಅವರ ಹೆಸರು ಬಂದಾಗ ತಲೆ ಎತ್ತಿ ನೋಡಿ, ಇದ್ದಾರೆ ಅಂತ ಸುಮ್ನೆ ಗುರುತು ಹಾಕಿಬಿಡ್ತೇನೆ. ಅವರಿಗೆ ನಾಲ್ಕು ತಿಂಗಳಿಂದ ನನ್ನ ಬಾಯಲ್ಲಿ ಹೆಸರೇ ಇಲ್ಲ. ನಮ್ಮ ಮನೆಪೆದವೂ, ಅಂದರೆ ಮನೆತನದ ಹೆಸರೂ, 'ಪ' ದಿಂದಲೇ ಶುರು. ಮದುವೆಗೆ ಹೋದರೆ ಮೊದಲು ಕೇಳುವುದೇ ಮನೆಪೆದ, ಅಲ್ವಾ? ನಾನು ನಿಂತಲ್ಲೇ ಕೆಂಪಾಗ್ತೇನೆ. "ಎಂತ, ಮನೆ ಹೆಸರೇ ಮರೆತುಹೋಯಿತಾ?" ಅಂತ ನಗ್ತಾರೆ.

ಇದೆಲ್ಲ ಹಳೆಯ ಕಥೆ. ಹೋದ ವಾರ ಆದದ್ದು ಬೇರೆ. ಬೆಳಗ್ಗೆ ಮಂಜು ಇನ್ನೂ ಇಳಿದಿರಲಿಲ್ಲ. ಕೆಲಸದವರ ಲೈನ್ ಮನೆ ಕಡೆಯಿಂದ ಮೂರು ಹೆಂಗಸರು ಬರ್ತಾ ಇದ್ದರು. ದಾರಿ ಪಕ್ಕದ ಹಲಸಿನ ಮರದ ಹಿಂದೆ ಒಂಟಿ ಸಲಗ. ಕೂಗಬೇಕಾದದ್ದು ಎರಡೇ ಅಕ್ಷರ. 'ಆ' ಗಂಟಲಲ್ಲೇ ನಿಂತಿತು. ಕೊನೆಗೆ ಪಕ್ಕದಲ್ಲಿದ್ದ ಖಾಲಿ ಡ್ರಮ್ಮಿಗೆ ಕೋಲಿನಿಂದ ಬಡಿದೆ. ಅವರು ಓಡಿದರು, ಯಾರಿಗೂ ಏನೂ ಆಗಲಿಲ್ಲ. ರೈಟರ್ ಜಾಣ, ಕೂಗಿದರೆ ಆನೆ ರೇಗುತ್ತೆ ಅಂತ ಡ್ರಮ್ ಬಡಿದ ಅಂತ ಮೇಸ್ತ್ರಿ ಎಲ್ಲರಿಗೂ ಹೇಳಿದರು. ನಾನು ತಲೆ ಅಲ್ಲಾಡಿಸಿದೆ. ಅವತ್ತಿನಿಂದ ನಿದ್ದೆ ಸರಿ ಇಲ್ಲ.

ಔಷಧಿ ಇದೆಯಾ? ಅಭ್ಯಾಸ ಇದೆಯಾ? ಈ ವಯಸ್ಸಿಗೆ ಕಡಿಮೆ ಆಗುತ್ತಾ?

ಕೆಎ 12 ಬುಲೆಟ್ · ನವೆಂಬರ್ 9

ಬ್ರೋ, ಎಲ್ಲ ಕಾನ್ಫಿಡೆನ್ಸ್. ಮಾತಾಡುವ ಮೊದಲು ಒಂದು ಉದ್ದ ಉಸಿರು ತಗೊಂಡು ಹಿಡಿದುಕೊಳ್ಳಿ. ಹೃತಿಕ್ ರೋಷನ್‌ಗೂ ಇತ್ತಂತೆ, ಈಗ ನೋಡಿ.

ಕಣದ ಕಾವಲು · ನವೆಂಬರ್ 9

ಅಣ್ಣ, ಬೇಜಾರು ಮಾಡ್ಕೋಬೇಡಿ. ಹೃತಿಕ್ ಉದಾಹರಣೆ ನನಗೆ ವರ್ಷಕ್ಕೆ ಹತ್ತು ಜನ ಕೊಡ್ತಾರೆ. ಉಸಿರು ಹಿಡಿದೂ ನೋಡಿದ್ದೇನೆ. ಉಸಿರೂ ಸಿಕ್ಕಿಹಾಕಿಕೊಳ್ಳುತ್ತೆ, ಮಾತೂ ಸಿಕ್ಕಿಹಾಕಿಕೊಳ್ಳುತ್ತೆ.

ಹುದಿಕೇರಿ ಟಿಕೆಟ್ · ನವೆಂಬರ್ 9

ಈ ಚರ್ಚೆಗಾಗಿಯೇ ಹೊಸ ಖಾತೆ ಮಾಡಿದ್ದೇನೆ. ಹೆಸರಿನ ಕಥೆ ಹೇಳ್ತೇನೆ ಕೇಳಿ.

ನನಗೀಗ 41. ಊರು ಪೊನ್ನಂಪೇಟೆ. ನನಗೂ 'ಪ' ಕಷ್ಟ. ಪಿಯುಸಿ ಓದುವಾಗ ಗೋಣಿಕೊಪ್ಪದಲ್ಲಿ ಬಸ್ ಹತ್ತಿ ಊರಿಗೆ ಟಿಕೆಟ್ ಕೇಳಬೇಕು. ಬಾಯಿ ತೆರೆದರೆ ಪೊ... ಅಷ್ಟೇ. ಕಂಡಕ್ಟರ್ ಕೈ ಚಾಚಿ ನಿಂತಿರುತ್ತಾನೆ, ಹಿಂದಿನವರು ಕತ್ತು ಚಾಚಿ ನೋಡ್ತಾರೆ. ಒಂದು ದಿನ ತಟ್ಟನೆ "ಹುದಿಕೇರಿ" ಅಂದುಬಿಟ್ಟೆ. ಸಲೀಸಾಗಿ ಬಂತು! ಹುದಿಕೇರಿ ನಮ್ಮೂರು ದಾಟಿ ಹೋಗಬೇಕು. ಅವತ್ತಿನಿಂದ ಎರಡು ವರ್ಷ ದಿನಾ ಹುದಿಕೇರಿಗೆ ದುಡ್ಡು ಕೊಟ್ಟು ಪೊನ್ನಂಪೇಟೆಯಲ್ಲಿ ಇಳಿದೆ. ಕಂಡಕ್ಟರ್ ಏನಂದುಕೊಂಡನೋ ದೇವರಿಗೇ ಗೊತ್ತು.

ಔಷಧಿ ಕೇಳಿದಿರಿ. ಇಲ್ಲ. ಅದಕ್ಕೆ ಅಂತಲೇ ಒಪ್ಪಿಗೆ ಪಡೆದ ಮಾತ್ರೆ ಯಾವುದೂ ಇಲ್ಲ. ಯಾರಾದರೂ ಇದೆ ಅಂದರೆ ಪರ್ಸ್ ಗಟ್ಟಿಯಾಗಿ ಹಿಡಿದುಕೊಳ್ಳಿ.

ಗ್ಯಾರಂಟಿ ಆರೋಗ್ಯ · ನವೆಂಬರ್ 10

ಉಗ್ಗು ತೊದಲು 15 ದಿನದಲ್ಲಿ ಶಾಶ್ವತ ಪರಿಹಾರ!! ಊಟ ವಸತಿ ಸಮೇತ. ಕೂಡಲೇ ಕರೆ ಮಾಡಿ (ನಂಬರ್ ತೆಗೆಯಲಾಗಿದೆ. ನಿರ್ವಾಹಕರು)

ಹುದಿಕೇರಿ ಟಿಕೆಟ್ · ನವೆಂಬರ್ 10

ನೋಡಿ, ಹೇಳಿ ಬಾಯಿ ಮುಚ್ಚಿಲ್ಲ, ಬಂದೇಬಿಟ್ಟರು.

ನಾನು 24ನೇ ವಯಸ್ಸಿಗೆ ಇಂಥದ್ದೇ ಒಂದು ಶಿಬಿರಕ್ಕೆ ಹೋಗಿದ್ದೆ. ಊರು, ಹೆಸರು ಬೇಡ. ಅಪ್ಪ ಆ ವರ್ಷದ ಮೆಣಸು ಮಾರಿದ ದುಡ್ಡು ಕೊಟ್ಟಿದ್ದರು. ಬೆರಳಿನಿಂದ ತೊಡೆ ತಟ್ಟುತ್ತಾ, ಒಂದೊಂದು ಅಕ್ಷರಕ್ಕೂ ಒಂದು ತಟ್ಟು, ತಾಳ ಹಾಕಿದ ಹಾಗೆ ಮಾತಾಡಿಸಿದರು. ಮೂರನೇ ದಿನಕ್ಕೇ ಉಗ್ಗು ಮಾಯ. ಕೊನೆಯ ದಿನ ವೇದಿಕೆ ಮೇಲೆ ಭಾಷಣ ಮಾಡಿದೆ, ಅಪ್ಪ ಅತ್ತರು. ವಾಪಸ್ ಬರುವಾಗ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಟೀ ಹೇಳಲು ಹೋದೆ. ಟ್... ಟ್... ತೊಡೆ ತಟ್ಟಿದೆ, ಆಗಲಿಲ್ಲ. ಆ ಟೀ ಅಪ್ಪನೇ ಹೇಳಿದರು.

ತಾಳಕ್ಕೆ ಮಾತಾಡಿದರೆ ಹೆಚ್ಚಿನವರಿಗೆ ಉಗ್ಗು ಬರುವುದಿಲ್ಲ, ಅದು ನಿಜ. ಆದರೆ ಜೀವನಪೂರ್ತಿ ಯಂತ್ರದ ಹಾಗೆ ಯಾರು ಮಾತಾಡ್ತಾರೆ? ತಾಳ ಬಿಟ್ಟ ಕೂಡಲೇ ಉಗ್ಗು ಬಾಗಿಲಲ್ಲಿ ಕಾಯ್ತಾ ಇರುತ್ತೆ. ಅದಕ್ಕಿಂತ ಕೆಟ್ಟದ್ದು ಏನು ಗೊತ್ತಾ? ನಾನೇ ಸರಿಯಾಗಿ ಅಭ್ಯಾಸ ಮಾಡಲಿಲ್ಲ ಅಂತ ಹತ್ತು ವರ್ಷ ನನ್ನನ್ನೇ ಬೈದುಕೊಂಡೆ.

ಮಾತಿನ ಮೇಡಂ · ನವೆಂಬರ್ 10

ನಾನು ಸ್ಪೀಚ್ ಥೆರಪಿಸ್ಟ್. ಊರು ಮಡಿಕೇರಿ, ಕೆಲಸ ಮೈಸೂರು. ಸ್ವಲ್ಪ ಉದ್ದ ಬರೀತೇನೆ, ಕ್ಷಮಿಸಿ.

ಮೊದಲು ಬುಲೆಟ್ ಅವರಿಗೆ. ಇದು ಕಾನ್ಫಿಡೆನ್ಸ್ ಕೊರತೆಯಿಂದ ಬರುವುದಲ್ಲ, ಹೆದರಿಕೆಯಿಂದಲೂ ಅಲ್ಲ. ಮಿದುಳಿನಲ್ಲಿ ಮಾತಿನ ಓಟ, ಹೊತ್ತು ನೋಡಿಕೊಳ್ಳುವ ಭಾಗಗಳ ಕೆಲಸದಲ್ಲೇ ಸಣ್ಣ ವ್ಯತ್ಯಾಸ ಇರುತ್ತದೆ. ಎಷ್ಟೋ ಮನೆಗಳಲ್ಲಿ ವಂಶದಲ್ಲಿ ಬಂದಿರುತ್ತದೆ. ಹೆದರಿಕೆ ಆಮೇಲೆ ಬಂದು ಸೇರಿಕೊಂಡು ಅದನ್ನು ಜಾಸ್ತಿ ಮಾಡುತ್ತದೆ. ದೊಡ್ಡವರಲ್ಲಿ ನೂರಕ್ಕೆ ಒಬ್ಬರಿಗೆ ಇದೆ. ಹೆಂಗಸರಿಗಿಂತ ಗಂಡಸರಲ್ಲಿ ಜಾಸ್ತಿ, ಹೆಚ್ಚುಕಡಿಮೆ ನಾಲ್ಕಕ್ಕೆ ಒಂದು.

ಈಗ ಹುದಿಕೇರಿ ಟಿಕೆಟ್. ಸರ್, ನಿಮ್ಮ ಕಥೆ ನನ್ನ ಪಾಠಕ್ಕೆ ಹೇಳಿ ಮಾಡಿಸಿದ ಹಾಗಿದೆ. ಎಲ್ಲರೂ ಅಂಗೈಯನ್ನು ಬಾಯಿ ಮುಂದೆ ಹಿಡಿದು "ಹುದಿಕೇರಿ" ಅನ್ನಿ. ಮೊದಲು ಬಿಸಿ ಗಾಳಿ ಕೈಗೆ ತಾಗುತ್ತದೆ, ಅದರ ಮೇಲೆ ಮಾತು ಸವಾರಿ ಮಾಡುತ್ತದೆ. ಈಗ ಕಾವಲು ಅವರೇ, ನೀವು ಸಿಕ್ಕಿಹಾಕಿಕೊಳ್ಳುವ ಹಾಗೆಯೇ ತುಟಿ ಬಿಗಿದು "ಪಾರ್ವತಿ" ಅನ್ನಲು ಹೋಗಿ. ಕೈಗೆ ಏನೂ ತಾಗುವುದಿಲ್ಲ. ಗಾಳಿ ಒಳಗಿನಿಂದ ತಳ್ಳುತ್ತದೆ, ತುಟಿ ಅದನ್ನು ತಡೆಯಲು ಇನ್ನೂ ಬಿಗಿಯುತ್ತದೆ. ನೀವು ಜೋರು ಮಾಡಿದಷ್ಟೂ ಬೀಗ ಗಟ್ಟಿ. ಹಾಗಾಗಿ ಕೆಲಸ ಮಾಡಬೇಕಾದದ್ದು ಜೋರಿನ ಮೇಲೆ ಅಲ್ಲ, ಬಿಗಿಯ ಮೇಲೆ. ಎರಡು ತುಟಿ ಒಂದಕ್ಕೊಂದು ತಾಗಿತೋ ಇಲ್ಲವೋ ಅನ್ನುವಷ್ಟು ಹಗುರ ಇರಲಿ. 'ಪ' ಸ್ವಲ್ಪ ಮೆತ್ತಗೆ, 'ಫ'ದ ಹತ್ತಿರ ಹೋದರೂ ಪರವಾಗಿಲ್ಲ.

'ಆನೆ' ಬೇರೆ. ಅಲ್ಲಿ ತುಟಿ, ನಾಲಿಗೆ ಅಡ್ಡ ಬರುವುದಿಲ್ಲ. ಬೀಗ ಬೀಳುವುದು ಗಂಟಲಲ್ಲಿ, ಧ್ವನಿ ಹುಟ್ಟುವ ಜಾಗದಲ್ಲೇ. ಅದಕ್ಕೇ ಉಸಿರು ಹಿಡಿದರೆ ಇನ್ನೂ ಕಷ್ಟ. ಉಸಿರು ಹಿಡಿಯುವುದು ಅಂದರೆ ಅದೇ ಬಾಗಿಲನ್ನು ಮುಚ್ಚುವುದು. ಬದಲಿಗೆ ಸ್ವಲ್ಪ ಉಸಿರು ಹೊರಗೆ ಬಿಡಿ, ನಿಟ್ಟುಸಿರಿನ ಹಾಗೆ, ಅದರ ಬೆನ್ನ ಮೇಲೆ 'ಆ' ಇಡಿ.

ಅಮೆರಿಕದಲ್ಲಿ ಚಾರ್ಲ್ಸ್ ವ್ಯಾನ್ ರೈಪರ್ ಅಂತ ಒಬ್ಬರಿದ್ದರು, 1994ರಲ್ಲಿ ತೀರಿಕೊಂಡರು. ಸ್ವತಃ ಉಗ್ಗುತ್ತಿದ್ದವರು. ಉಗ್ಗಬೇಡ ಅನ್ನುವುದನ್ನು ಬಿಟ್ಟು, ಸಲೀಸಾಗಿ ಉಗ್ಗುವುದನ್ನು ಕಲಿಸಿದರು. ಅವರ ದಾರಿ ಹಿಂದಿನಿಂದ ಮುಂದಕ್ಕೆ ಬರುತ್ತದೆ. ಮೊದಲು, ಉಗ್ಗಿದ ಪದ ಮುಗಿದ ಮೇಲೆ ಎರಡು ಮೂರು ಸೆಕೆಂಡ್ ನಿಂತು, ಎಲ್ಲಿ ಬಿಗಿಯಿತು ಅಂತ ನೋಡಿ, ಅದೇ ಪದವನ್ನು ಸಡಿಲವಾಗಿ ಇನ್ನೊಮ್ಮೆ ಹೇಳುವುದು. ಅದು ಕೈಗೆ ಬಂದ ಮೇಲೆ, ಉಗ್ಗುತ್ತಿರುವಾಗಲೇ ಬಿಗಿ ಸಡಿಲಿಸಿ ಹೊರಗೆ ಜಾರುವುದು. ಕೊನೆಗೆ, ಪದ ಬರುವ ಮೊದಲೇ ತುಟಿಯನ್ನು ಹಗುರ ಮಾಡಿಟ್ಟುಕೊಳ್ಳುವುದು. ಎಲ್ಲರೂ ಕೊನೆಯದನ್ನೇ ಮೊದಲು ಮಾಡಲು ಹೋಗ್ತಾರೆ, ಸುಸ್ತಾಗ್ತಾರೆ.

ಹತ್ತಿರದಲ್ಲಿ ತೋರಿಸುವುದಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1960ರ ದಶಕದಿಂದ ಇದೆ, ಕೇಂದ್ರ ಸರ್ಕಾರದ್ದು. ದೂರದವರಿಗೆ ವಿಡಿಯೋ ಕರೆಯಲ್ಲೂ ಥೆರಪಿ ಕೊಡ್ತಾರೆ. ಆದರೆ ಮೊದಲ ಸಲ ಹೋಗಿ ತೋರಿಸಿಕೊಂಡು ಬಂದರೆ ಒಳ್ಳೆಯದು.

ಒಂದು ಹೋಮ್‌ವರ್ಕ್. ಮೊಬೈಲಿನಲ್ಲಿ ನೀವು ಹಾಜರಿ ಕೂಗುವ ವಿಡಿಯೋ ಮಾಡಿ ನೋಡಿ. ಬಾಯಿ ಒಂದೇ ಅಲ್ಲ, ಪೂರ್ತಿ ಮೈ ನೋಡಿ.

ಶನಿವಾರಸಂತೆ ಅಮ್ಮ · ನವೆಂಬರ್ 11

ಮೇಡಂ, ಮಧ್ಯದಲ್ಲಿ ಬಾಯಿ ಹಾಕ್ತಿದ್ದೇನೆ. ಮಗನಿಗೆ ಮೂರೂವರೆ ವರ್ಷ. ಎರಡು ತಿಂಗಳಿಂದ "ಅಮ್ಮ ನಂ ನಂ ನಂ ನಂಗೆ" ಅಂತಾನೆ. ಅತ್ತೆ ದಿನಾ ಬಜೆ ತೇದು ನಾಲಿಗೆಗೆ ಹಚ್ಚುತ್ತಾರೆ. ಇವರು "ಸರಿಯಾಗಿ ಹೇಳು" ಅಂತ ಗದರ್ತಾರೆ. ಮನೆಯಲ್ಲಿ ಕನ್ನಡ, ಅತ್ತೆ ಜೊತೆ ಮಲಯಾಳಂ, ಸ್ಕೂಲಿನಲ್ಲಿ ಇಂಗ್ಲಿಷ್. ಮೂರು ಭಾಷೆ ಆದದ್ದಕ್ಕೇ ಹೀಗಾಯಿತು, ಒಂದು ಬಿಡಿಸಿ ಅಂತ ಪಕ್ಕದವರು ಹೇಳಿದರು.

ಮಾತಿನ ಮೇಡಂ · ನವೆಂಬರ್ 11

ಯಾವ ಭಾಷೆಯನ್ನೂ ಬಿಡಿಸಬೇಡಿ. ಭಾಷೆ ಜಾಸ್ತಿ ಆದದ್ದರಿಂದ ಉಗ್ಗು ಬರುವುದಿಲ್ಲ. ಹಾಗಿದ್ದಿದ್ದರೆ ಕೊಡಗಿನಲ್ಲಿ ಅರ್ಧ ಜನ ಉಗ್ಗಬೇಕಿತ್ತು. ನೂರರಲ್ಲಿ ಸುಮಾರು ಐದು ಮಕ್ಕಳು ಎರಡರಿಂದ ಐದು ವರ್ಷದೊಳಗೆ ಹೀಗೆ ಮಾಡ್ತಾರೆ, ಅವರಲ್ಲಿ ಹೆಚ್ಚಿನವರಿಗೆ ತಾನಾಗಿಯೇ ಹೋಗುತ್ತದೆ. ಆರು ತಿಂಗಳು ದಾಟಿದರೆ, ಮನೆಯಲ್ಲಿ ಬೇರೆ ಯಾರಿಗಾದರೂ ಉಗ್ಗು ಇದ್ದರೆ, ಅಥವಾ ಮಾತಾಡುವಾಗ ಮಗು ಮುಖ ಬಿಗಿದರೆ ಕಾಯಬೇಡಿ, ತೋರಿಸಿ. ಈ ವಯಸ್ಸಿನ ಮಕ್ಕಳಿಗೆ ಲಿಡ್‌ಕಮ್ ಅಂತ ಆಸ್ಟ್ರೇಲಿಯಾದಲ್ಲಿ ಶುರುವಾದ ವಿಧಾನ ಇದೆ. ಅದನ್ನು ಮನೆಯಲ್ಲಿ ಮಾಡುವುದು ತಾಯಿ ತಂದೆಯೇ, ಥೆರಪಿಸ್ಟ್ ಹೇಳಿಕೊಡ್ತಾರೆ.

ಬಜೆಯಿಂದ ಉಗ್ಗು ಹೋಗುವುದಿಲ್ಲ. ಜಾಸ್ತಿ ಹೋದರೆ ಮಗುವಿಗೆ ವಾಂತಿ ಆಗುವುದುಂಟು. ಅತ್ತೆಗೆ ನೋವಾಗದ ಹಾಗೆ ಹೇಳಿ. ಯಜಮಾನರಿಗೆ ಮಾತ್ರ ನೇರವಾಗಿ ಹೇಳಿ: ಗದರಬೇಡಿ, "ನಿಧಾನ ಹೇಳು" ಅಂತಲೂ ಹೇಳಬೇಡಿ. ನೀವೇ ನಿಧಾನ ಮಾತಾಡಿ. ಅವನು ಮುಗಿಸುವ ತನಕ ಕಾಯಿರಿ, ಪದವನ್ನು ನೀವು ಹೇಳಿಕೊಡಬೇಡಿ.

ನಾಪೋಕ್ಲು ಮೇಷ್ಟ್ರು · ನವೆಂಬರ್ 12

ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ಎರಡು ಮಾತು.

ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಉಗ್ಗುತ್ತಿದ್ದ. ಪಾಠ ಓದಿಸುವಾಗ ಸಾಲಾಗಿ ಬರ್ತಾ ಅವನನ್ನು ದಾಟಿ ಮುಂದಿನವನಿಗೆ ಹೋಗುತ್ತಿದ್ದೆ. ಪಾಪ, ಅವನಿಗೆ ಯಾಕೆ ತೊಂದರೆ ಅಂತ. ನನ್ನ ಪ್ರಕಾರ ಅದು ದೊಡ್ಡ ಉಪಕಾರ. ಇಪ್ಪತ್ತು ವರ್ಷದ ಮೇಲೆ ವಿರಾಜಪೇಟೆ ಸಂತೆಯಲ್ಲಿ ಸಿಕ್ಕ. ಕಾಫಿ ಕುಡಿಸಿದ. ಉಗ್ಗುತ್ತಲೇ ಹೇಳಿದ, "ಸರ್, ಬೇರೆ ಮೇಷ್ಟ್ರು ಹೊಡೆದದ್ದು ಮರೆತೆ. ನೀವು ದಾಟಿ ಹೋದದ್ದು ಮರೆತಿಲ್ಲ." ಅವನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು: ಓದ್ತೀಯಾ, ಬೇಡವಾ ಅಂತ.

ಇನ್ನೊಂದು. ಅದೇ ಹುಡುಗ ಇಡೀ ಕ್ಲಾಸಿನ ಜೊತೆ ಮಗ್ಗಿ ಹೇಳುವಾಗ, ಪದ್ಯ ಹೇಳುವಾಗ ಒಂದು ಕಡೆಯೂ ತಡವರಿಸುತ್ತಿರಲಿಲ್ಲ. ಇದು ಯಾಕೆ ಮೇಡಂ?

ಮಾತಿನ ಮೇಡಂ · ನವೆಂಬರ್ 12

ಜೊತೆಯಲ್ಲಿ ಹೇಳುವಾಗ ಹೆಚ್ಚುಕಡಿಮೆ ಎಲ್ಲರಿಗೂ ಉಗ್ಗು ನಿಲ್ಲುತ್ತದೆ ಸರ್. ಹಾಡುವಾಗ, ಒಬ್ಬರೇ ಇದ್ದಾಗ, ನಾಯಿಯ ಜೊತೆ ಮಾತಾಡುವಾಗಲೂ ಹಾಗೆಯೇ. ಬೇರೆಯವರ ಧ್ವನಿಯೇ ಹೊರಗಿನಿಂದ ಓಟ ಕೊಡುತ್ತದೆ, ಒಳಗಿನ ಗಡಿಯಾರಕ್ಕೆ ಕೆಲಸ ಕಡಿಮೆ. ನಾಲಿಗೆಯಲ್ಲಿ ದೋಷ ಇಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನಾಲಿಗೆ ಕೆಳಗಿನ ದಾರ ಕತ್ತರಿಸಿ ಬಂದವರನ್ನೂ ನೋಡಿದ್ದೇನೆ, ಉಗ್ಗು ಹಾಗೆಯೇ ಇತ್ತು.

ಅರೆಭಾಷೆ ಹುಡುಗಿ · ನವೆಂಬರ್ 13

ಭಾಗಮಂಡಲ ಕಡೆಯವಳು, ಎಂಎಸ್ಸಿ ಓದ್ತಿದ್ದೇನೆ. ಹುಡುಗಿಯರಿಗೂ ಉಗ್ಗು ಇರುತ್ತೆ ಅಂತಲೇ ಜನರಿಗೆ ಗೊತ್ತಿಲ್ಲ. ನಾಚಿಕೆ ಅಂದುಕೊಳ್ತಾರೆ.

ನಾನು ಬೇರೆ ಮಾತು ಹೇಳ್ತೇನೆ, ಮೇಡಂ ಬೈದುಕೊಳ್ಳಬಾರದು. ಎರಡು ವರ್ಷ ಥೆರಪಿ ಮಾಡಿದೆ. ತುಟಿ ಹಗುರ, ಉಸಿರು ಮೊದಲು, ಎಲ್ಲ ಗೊತ್ತು. ಆದರೆ ಸಂತೆಯಲ್ಲಿ ಬದನೆಕಾಯಿ ಕೇಳುವಾಗಲೂ ತಲೆಯಲ್ಲಿ ಇದೇ ಲೆಕ್ಕ ಓಡಿದರೆ ಬದುಕುವುದು ಯಾವಾಗ? ನಾನೀಗ ಸುಮ್ನೆ ಉಗ್ಗುತ್ತೇನೆ. ವೈವಾಕ್ಕೆ ಹೋದ ಕೂಡಲೇ "ನನಗೆ ಉಗ್ಗು ಇದೆ, ಸ್ವಲ್ಪ ಜಾಸ್ತಿ ಹೊತ್ತು ಬೇಕು" ಅಂದೆ. ಎದುರು ಕೂತವರು ಪೆನ್ ಕೆಳಗಿಟ್ಟು ಕಾದರು. ಆ ಒಂದು ವಾಕ್ಯ ಎರಡು ವರ್ಷದ ಅಭ್ಯಾಸಕ್ಕಿಂತ ಜಾಸ್ತಿ ಕೆಲಸ ಮಾಡಿತು.

ಟೀಸಾ ಅಂತ ಇದೆ, ದಿ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್. ಉಗ್ಗುವವರೇ ನಡೆಸುವುದು. ಆನ್‌ಲೈನ್ ಗುಂಪಿನಲ್ಲಿ ಕೂತರೆ ಯಾರೂ ಯಾರ ಪದವನ್ನೂ ಮುಗಿಸಿಕೊಡುವುದಿಲ್ಲ. ಮೊದಲ ದಿನ ನನಗೆ ವಿಚಿತ್ರ ಅನ್ನಿಸಿತ್ತು.

ಹುದಿಕೇರಿ ಟಿಕೆಟ್ · ನವೆಂಬರ್ 13

ತಂಗಿ, ನೀವು ಹೇಳಿದ್ದು ಅರ್ಧ ಒಪ್ತೇನೆ. ವೈವಾದಲ್ಲಿ ಎದುರಿಗಿದ್ದವರು ಓದಿದವರು. ಮಂಜಿನಲ್ಲಿ ಆನೆ ನಿಂತಾಗ "ನನಗೆ ಉಗ್ಗು ಇದೆ" ಅಂತ ಯಾರಿಗೆ ಹೇಳುವುದು? ಆ ಹುಡುಗನಿಗೆ ಉಪಾಯವೂ ಬೇಕು.

ಅರೆಭಾಷೆ ಹುಡುಗಿ · ನವೆಂಬರ್ 13

ಆನೆಗೆ ಡ್ರಮ್ಮೇ ಸರಿ ಅಣ್ಣ 😄 ಕುತ್ತಿಗೆಗೆ ಒಂದು ವಿಷಲ್ ಹಾಕಿಕೊಳ್ಳಲಿ. ಉಗ್ಗದವರಿಗೂ ತೋಟದಲ್ಲಿ ವಿಷಲ್ ಇದ್ದರೆ ಒಳ್ಳೆಯದೇ. ನಾನು ಹೇಳಿದ್ದು ಪಾರ್ವತಿ ಅಕ್ಕನ ವಿಷಯ. ನಾಲ್ಕು ತಿಂಗಳು ಹೆಸರೇ ಕರೆಯದೆ ಇರುವುದು ಉಗ್ಗಿಗಿಂತ ಕೆಟ್ಟದ್ದು ಅಲ್ವಾ?

ಮಾತಿನ ಮೇಡಂ · ನವೆಂಬರ್ 13

ಯಾಕೆ ಬೈಯಲಿ? ಥೆರಪಿಯಲ್ಲಿ ಅರ್ಧ ಕೆಲಸ ಅದೇ, ಬಚ್ಚಿಡುವುದನ್ನು ಬಿಡಿಸುವುದು. ಕಾವಲು ಅವರೇ, ಇಡೀ ದಿನ ಬಾಯಿಯನ್ನು ಕಾಯಬೇಡಿ. ದಿನಕ್ಕೆ ಹತ್ತು ನಿಮಿಷ, ಒಂದು ಜಾಗ ಸಾಕು. ಇನ್ನೊಂದು ಸಲಹೆ, ಕೇಳಿದರೆ ನಗ್ತೀರಿ: ಸುಲಭದ ಹೆಸರಿನಲ್ಲಿ ಬೇಕೆಂದೇ ಉಗ್ಗಿ. "ಸು ಸು ಸುಬ್ರಮಣಿ", ಆರಾಮಾಗಿ, ಬಿಗಿ ಇಲ್ಲದೆ. ನೀವೇ ಕರೆದು ಕೂರಿಸಿದರೆ ಅದರ ಹೆದರಿಕೆ ಇಳಿಯುತ್ತದೆ.

ಕಣದ ಕಾವಲು · ನವೆಂಬರ್ 22

ವಿಡಿಯೋ ಮಾಡಿದೆ. ನೋಡಲು ಎರಡು ದಿನ ಧೈರ್ಯ ಬರಲಿಲ್ಲ. ನಾನು ಅಂದುಕೊಂಡದ್ದು ಒಂದು ನಿಮಿಷ ಸಿಕ್ಕಿಹಾಕಿಕೊಳ್ತೇನೆ ಅಂತ. ಎಣಿಸಿದರೆ ಜಾಸ್ತಿ ಅಂದರೆ ಐದು ಸೆಕೆಂಡ್. ಆದರೆ ಬಲಗಾಲು! ಪ್ರತಿ 'ಪ'ಗೂ ಬೂಟಿನ ಹಿಮ್ಮಡಿಯಿಂದ ನೆಲ ಕುಟ್ಟುತ್ತಿದ್ದೇನೆ. ಕಣದ ಅಂಚಿನಲ್ಲಿ ಒಂದು ಸಣ್ಣ ಗುಂಡಿಯೇ ಬಿದ್ದಿದೆ. ಅದು ನಾನು ಮಾಡಿದ್ದು ಅಂತ ಅವತ್ತೇ ಗೊತ್ತಾದದ್ದು.

ಸೋಮವಾರ ಹಾಜರಿಗೆ ಮೊದಲು ಹೇಳಿಬಿಟ್ಟೆ. "ನನಗೆ ಉ... ಉಗ್ಗು ಇದೆ. ಕೆಲವರ ಹೆಸರು ಬೇಗ ಬರುವುದಿಲ್ಲ." ಯಾರೂ ಏನೂ ಅನ್ನಲಿಲ್ಲ. ಹಿಂದಿನಿಂದ ಒಬ್ಬರು, "ಗೊತ್ತು ರೈಟ್ರೇ, ಬೇಗ ಶುರು ಮಾಡಿ, ಚಳಿ" ಅಂದರು. ನಾಲ್ಕು ತಿಂಗಳು ನಾನು ಬಚ್ಚಿಟ್ಟದ್ದು ಎಲ್ಲರಿಗೂ ಗೊತ್ತಿತ್ತು.

ಪಾರ್ವತಿ ಅಂದೆ. ಮೂರು ಸಲ ಪ ಪ ಪ ಆಯಿತು. ಆದರೆ ಅಂದೆ.

ವಿಷಲ್ ತಗೊಂಡೆ.

ಕೆಎ 12 ಬುಲೆಟ್ · ನವೆಂಬರ್ 22

ಸೂಪರ್ ಬ್ರೋ. ಉಸಿರು ಹಿಡಿಯಲು ಹೇಳಿದ್ದಕ್ಕೆ ಸಾರಿ. ಉಗ್ಗು ಇದ್ದರೆ ಅಂಗವಿಕಲರ ಕೋಟಾ ಸಿಗುತ್ತಲ್ವಾ? ಕೆಪಿಎಸ್‌ಸಿಗೆ ಟ್ರೈ ಮಾಡಿ.

ಅರೆಭಾಷೆ ಹುಡುಗಿ · ನವೆಂಬರ್ 22

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾತು ಮತ್ತು ಭಾಷೆಯ ವೈಕಲ್ಯ ಅಂತ ಇದೆ. ಆದರೆ ಅಲ್ಲಿ ಉದಾಹರಣೆಗೆ ಕೊಟ್ಟಿರುವುದು ಧ್ವನಿಪೆಟ್ಟಿಗೆ ತೆಗೆದವರು, ಪಾರ್ಶ್ವವಾಯುವಿನಂಥದ್ದರಿಂದ ಭಾಷೆ ಹೋದವರು. ಉಗ್ಗಿನ ಹೆಸರು ಇಲ್ಲ. ನಂಬಿಕೊಂಡು ಕೂರಬೇಡಿ.

ಕಣದ ಕಾವಲು · ಡಿಸೆಂಬರ್ 7

ಪುತ್ತರಿಗೆ, ನಮ್ಮ ಸುಗ್ಗಿ ಹಬ್ಬಕ್ಕೆ, ಊರಿಗೆ ಹೋಗಿದ್ದೆ. ಮೇಷ್ಟ್ರು ಹೇಳಿದ್ದು ಗದ್ದೆಯಲ್ಲಿ ನೆನಪಾಯಿತು. ರಾತ್ರಿ ಕದಿರು ತೆಗೆಯುವಾಗ ಕೋವಿ ಹಾರಿತು, ಎಲ್ಲರೂ ಸೇರಿ "ಪೊಲಿ ಪೊಲಿ ದೇವಾ" ಅಂತ ಕೂಗಿದೆವು. ನಾನೂ ಕೂಗಿದೆ, ಗಂಟಲು ಬಿರಿಯುವ ಹಾಗೆ. ಮನೆಗೆ ಕದಿರು ಹೊತ್ತು ಬರುವಾಗ ತಲೆಗೆ ಹೊಳೆಯಿತು: ಅದೂ 'ಪ' ಅಲ್ವಾ! ಒಂದಲ್ಲ, ಎರಡೆರಡು. 27 ವರ್ಷದಲ್ಲಿ ಒಂದು ಪುತ್ತರಿಯಲ್ಲೂ ಅದು ಸಿಕ್ಕಿಹಾಕಿಕೊಂಡಿಲ್ಲ. ಪೊಲಿ ಅನ್ನುವಾಗ ತುಟಿ ಹೇಗಿರುತ್ತೆ ಅಂತ ದಾರಿಯುದ್ದಕ್ಕೂ ಮೆಲ್ಲಗೆ ಹೇಳಿಕೊಂಡು ನೋಡಿದೆ. ಹಗುರವಾಗಿ ಮುಟ್ಟಿ ಬಿಡುತ್ತದೆ, ಅಷ್ಟೇ. ಈಗ ಪಾರ್ವತಿ ಅನ್ನುವ ಮೊದಲು ಮನಸ್ಸಿನಲ್ಲಿ ಪೊಲಿ ಅಂದುಕೊಳ್ತೇನೆ. ಕೆಲವು ದಿನ ಕೆಲಸ ಮಾಡುತ್ತೆ, ಕೆಲವು ದಿನ ಇಲ್ಲ.

ಮರುದಿನ ಅತ್ತೆ ಮನೆಯಲ್ಲಿ ಒಬ್ಬರು ಹಿರಿಯರು ಮನೆಪೆದ ಕೇಳಿದರು. ಅಲ್ಲಿ ಪೊಲಿಯೂ ಬರಲಿಲ್ಲ, ಏನೂ ಬರಲಿಲ್ಲ. ನಾಲ್ಕು ಸೆಕೆಂಡ್ ಇರಬಹುದು. ಮೊದಲಾಗಿದ್ದರೆ ಅಪ್ಪನ ಮುಖ ನೋಡುತ್ತಿದ್ದೆ, ಅವರು ಹೇಳಿಬಿಡುತ್ತಿದ್ದರು. ಈ ಸಲ ಅಪ್ಪನಿಗೆ ಮೊದಲೇ ಹೇಳಿದ್ದೆ, ನೀವು ಹೇಳಬೇಡಿ ಅಂತ. ಅಪ್ಪ ಕಿಟಕಿ ಹೊರಗೆ ನೋಡ್ತಾ ನಿಂತಿದ್ದರು. ನನಗಿಂತ ಜಾಸ್ತಿ ಬೆವರಿದ್ದರು ಪಾಪ.

ಜನವರಿಯಲ್ಲಿ ಮೈಸೂರಿಗೆ ಹೋಗುವುದು ಅಂತ ಮಾಡಿದ್ದೇನೆ.

ಶನಿವಾರಸಂತೆ ಅಮ್ಮ · ಡಿಸೆಂಬರ್ 8

ನಮ್ಮವನಿಗೆ ಸ್ವಲ್ಪ ಕಡಿಮೆ ಆದ ಹಾಗಿದೆ, ಕೆಲವು ದಿನ ಮತ್ತೆ ಜಾಸ್ತಿ. ನಾವೂ ತೋರಿಸಿಕೊಂಡು ಬರ್ತೇವೆ. ಬಜೆ ನಿಂತಿದೆ. ಇವರು ಗದರುವುದು ನಿಂತಿದೆ, ಆದರೆ ಮಗು ಉಗ್ಗಿದಾಗ ಉಸಿರು ಬಿಗಿಹಿಡಿದು ಕೂರ್ತಾರೆ. ಅದಕ್ಕೆ ಏನು ಥೆರಪಿ ಮೇಡಂ?

ಮಾತಿನ ಮೇಡಂ · ಡಿಸೆಂಬರ್ 8

ಕೆಎ 12 ಬುಲೆಟ್ ಅವರನ್ನೇ ಕೇಳಿ 😄

ಕಣದ ಕಾವಲು · ಜನವರಿ 19

ತಡ ಆಯಿತು, ಕುಯ್ಲು ನಡೀತಾ ಇದೆ. ಬೆಳಗ್ಗೆಯಿಂದ ಸಂಜೆ ತನಕ ಕಾಲಿಗೆ ಬಿಡುವಿಲ್ಲ. ಮೈಸೂರಿಗೆ ಹೋಗಿ ಬಂದೆ. ಎರಡು ಗಂಟೆ ಮಾತಾಡಿಸಿ, ಓದಿಸಿ ರೆಕಾರ್ಡ್ ಮಾಡಿಕೊಂಡರು. ವಾರಕ್ಕೊಮ್ಮೆ ವಿಡಿಯೋದಲ್ಲಿ ಕೂರಬೇಕು. ತೋಟದಲ್ಲಿ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕ್ ಮೇಲೆ ಮಾತ್ರ, ಅಲ್ಲೇ ಕೂರ್ತೇನೆ.

ನಿನ್ನೆ ಸಂಜೆ ತೂಕದ ಹತ್ತಿರ ಮೂಟೆ ಸಾಲು ಉದ್ದ ಇತ್ತು. ಕತ್ತಲಾಗ್ತಾ ಬಂದಿತ್ತು, ಎಲ್ಲರಿಗೂ ಮನೆಗೆ ಹೋಗುವ ಅವಸರ. "ಪಾರ್ವತಿ" ಅಂದೆ, ಒಂದೇ ಸಲಕ್ಕೆ ಬಂತು. ಆ ಖುಷಿಯಲ್ಲೇ ಮುಳ್ಳು ನೋಡಿದೆ. 82 ಕೆಜಿ. ಎಂ... ಎಂ... ಎಂಬತ್ತು ಗಂಟಲಲ್ಲಿ ನಿಂತೇಬಿಟ್ಟಿತು. ಪಾರ್ವತಿ ಅಕ್ಕ ಸೊಂಟಕ್ಕೆ ಕೈ ಇಟ್ಟುಕೊಂಡು ಕಾದರು. ಆಮೇಲೆ ಹೇಳಿದರು, "ನಿಧಾನ ಹೇಳಿ ರೈಟ್ರೇ, ಪರವಾಗಿಲ್ಲ. ಕಷ್ಟ ಆಯಿತು ಅಂತ ಎಪ್ಪತ್ತು ಮಾತ್ರ ಮಾಡಬೇಡಿ."